ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಲವತ್ತೊಂದನೇ ವಯಸ್ಸಿಗೆ ಜಪಾನಿನ ಯೊಕೊಹಾಮಾದಲ್ಲಿ ಜುಡೊ ಕಲಿಯಲು ಸೇರಿದೆ. ಮೊದಲ ತಿಂಗಳು ಬಿದ್ದಿದ್ದೇ ಬಿದ್ದಿದ್ದು. ಬೀಳುವುದಕ್ಕೇ ಅಲ್ಲಿ ‘ಉಕೆಮಿ’ ಅಂತ ಪಾಠವಿದೆ. ಕುಕ್ಕರುಗಾಲಲ್ಲಿ ಕೂತು ಹಿಂದಕ್ಕೆ ಉರುಳಬೇಕು, ಗದ್ದ ಎದೆಗೊತ್ತಿ ಸೊಂಟದ ಪಟ್ಟಿಯ ಗಂಟನ್ನೇ ನೋಡುತ್ತಿರಬೇಕು, ಬೆನ್ನು ತಾಗುವ ಹೊತ್ತಿಗೆ ಎರಡೂ ಕೈ ಚಾಪೆಗೆ ಫಟ್ಟನೆ ಬಡಿಯಬೇಕು. ಗಂಟು ನೋಡದಿದ್ದರೆ ತಲೆ ಹಿಂದಕ್ಕೆ ಕುಕ್ಕುತ್ತದೆ. ನನಗೆ ಎರಡು ಸಲ ಕುಕ್ಕಿತು. ಎರಡು ಸಲವೂ ಕಾರಣ ಒಂದೇ: ಯಾರಾದರೂ ನಗುತ್ತಿದ್ದಾರಾ ಅಂತ ಕತ್ತೆತ್ತಿ ನೋಡಿದ್ದು. ಯಾರೂ ನಗುತ್ತಿರಲಿಲ್ಲ. ಪಕ್ಕದಲ್ಲಿ ಎರಡನೇ ಕ್ಲಾಸಿನ ಹುಡುಗರು ಗೋಲಿ ಉರುಳಿದ ಹಾಗೆ ಬಿದ್ದು ಏಳುತ್ತಿದ್ದರು.

ಹೋದ ಬೇಸಿಗೆಯಲ್ಲಿ ಬೆಂಗಳೂರಿಗೆ ಬಂದಾಗ ತಮ್ಮನ ಮಗಳ ಶಟಲ್ ಟೂರ್ನಮೆಂಟಿತ್ತು. ಒಂಬತ್ತು ವರ್ಷದ ಹುಡುಗಿ, ಬ್ಯಾಟು ಹಿಡಿದು ನಾಲ್ಕೇ ತಿಂಗಳು. 21-4, 21-2. ವಿಜಯನಗರ ದಾಟುವ ತನಕ ಕಾರಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ ತಮ್ಮ, “ಅಣ್ಣ, ಇವಳಿಗಿದು ಆಗಿಬರಲ್ಲ ಅನ್ಸತ್ತೆ. ಚೆಸ್ಸಿಗೆ ಹಾಕ್ತೀನಿ” ಅಂದ. ಹಿಂದಿನ ಸೀಟಿನಲ್ಲಿ ಅವಳು ಬ್ಯಾಟಿನ ಗ್ರಿಪ್ಪು ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದಳು. ಹೋದ ವರ್ಷದ ಸ್ಕೇಟಿಂಗ್ ಬೂಟು ಆಗಲೇ ಅಟ್ಟ ಸೇರಿದೆ.

ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1970ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತಿದ್ದರು. ಆಮೇಲೆ ಆಟದ ಧಾಟಿಯನ್ನೇ ಬದಲಿಸಿಕೊಂಡು 1972ರಲ್ಲಿ ರಾಷ್ಟ್ರೀಯ ಜೂನಿಯರ್, ಸೀನಿಯರ್ ಎರಡೂ ಗೆದ್ದರು. ತಮ್ಮನಿಗೆ ಇದನ್ನೇ ಹೇಳಿದೆ. “ಅವರು ಪ್ರಕಾಶ್ ಕಣಣ್ಣ” ಅಂದುಬಿಟ್ಟ. ಅದಕ್ಕೇನು ಹೇಳೋದು?

ಜಪಾನನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದೇನೆ ಅಂದುಕೊಳ್ಳಬೇಡಿ. 1983ರಿಂದೀಚೆಗೆ ಅಲ್ಲಿನ ಶಾಲೆಗಳ ಜುಡೊದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತಿದ್ದಾರೆ, ತಲೆಗೆ ಪೆಟ್ಟು ಬಿದ್ದು ಹೋದವರೇ ಬಹಳ. ಗೆಲ್ಲಲೇಬೇಕೆಂಬ ಹುಚ್ಚು ಅಲ್ಲೂ ಇದೆ. ಅಪ್ಪ ಅಮ್ಮಂದಿರು ರೆಫರಿಗಳ ಮೇಲೆ ಕೂಗಾಡುತ್ತಾರೆ. ಆದರೆ 2022ರಲ್ಲಿ ಅವರ ಜುಡೊ ಫೆಡರೇಷನ್ನು ಈ ಹುಚ್ಚು ಅತಿಯಾಯಿತೆಂದು ಪ್ರೈಮರಿ ಮಕ್ಕಳ ರಾಷ್ಟ್ರೀಯ ಟೂರ್ನಿಯನ್ನೇ ನಿಲ್ಲಿಸಿತು. ನಮ್ಮಲ್ಲಿ ಹಾಗೆ ಮಾಡಿದರೆ ಮೊದಲು ಗಲಾಟೆ ಎಬ್ಬಿಸುವವರು ಪೋಷಕರೇ.

ಹಾಗಂತ ಉಕೆಮಿಯಂಥದ್ದು ನಮ್ಮ ಬೀದಿಗೆ ಹೊಸದೇನಲ್ಲ. ಬೆಂಗಳೂರಿನ ಶ್ರೀನಗರದ ನಮ್ಮ ಕ್ರಾಸಿನಲ್ಲಿ ಯಾರೇ ಬ್ಯಾಟಿಂಗಿಗೆ ಬಂದರೂ ಮೊದಲನೆಯದು ಟ್ರಯಲ್ ಬಾಲ್, ಔಟಾದರೂ ಔಟಿಲ್ಲ. ಚಿಕ್ಕವರಿಗಂತೂ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’. ಇವತ್ತು ಆ ಮಾತು ಬೈಗುಳವಾಗಿದೆ. ಆಗ ಅದು ಆಟ ಕಲಿಯಲು ಸಿಗುತ್ತಿದ್ದ ಲೈಸೆನ್ಸು. ಈ ನನ್ನ ತಮ್ಮ ಏಳು ವರ್ಷವಾಗುವ ತನಕ ಲೆಕ್ಕಕ್ಕಿಲ್ಲದವನೇ. ಕಲ್ಲಿನ ವಿಕೆಟ್ಟು ಉರುಳಿದರೂ ಕ್ರೀಸು ಬಿಡುತ್ತಿರಲಿಲ್ಲ, ನಾವೂ ಸುಮ್ಮನೆ ಇನ್ನೊಂದು ಬಾಲು ಹಾಕುತ್ತಿದ್ದೆವು. ತಿಂಗಳಿಗೆ ಇಷ್ಟು ಅಂತ ಫೀಸು ಕಟ್ಟಿ ಕಲಿಸುವ ಜಾಗದಲ್ಲಿ ಮಾತ್ರ ಮೊದಲ ದಿನದಿಂದಲೇ ಲೆಕ್ಕ ಶುರು.

ರಾತ್ರಿ ಅಮ್ಮ ಬೈಯುತ್ತಿದ್ದರೂ ಹಾಲಿನಲ್ಲಿ ಎರಡು ಹಾಸಿಗೆ ಹಾಸಿ ಪುಟ್ಟಿಗೆ ಉಕೆಮಿ ತೋರಿಸಿದೆ. ಮೂರನೇ ಸಲಕ್ಕೆ ಸರಿಯಾಗಿ ಬಿದ್ದಳು. “ಇದೇನು ಮಹಾ” ಅಂತ ತಮ್ಮನೂ ಪಂಚೆ ಮೇಲೆ ಕಟ್ಟಿ ಕೂತ. ಉರುಳುವಾಗ ಕತ್ತೆತ್ತಿ ನನ್ನ ಮುಖ ನೋಡಿದ, ತಲೆ ಧಡ್ ಅಂತು.

“ಅಪ್ಪಾ, ದೊಡ್ಡಪ್ಪನ್ನ ನೋಡ್ಬೇಡ, ಪಂಚೆ ಗಂಟು ನೋಡು!” ಅಂದಳು ಪುಟ್ಟಿ.