ಇಬ್ಬನಿಗೆ ನೇರಳೆ ಅಂಚಿನ ಸೀರೆ

ಬೆಳಗಿನ ಜಾವ ಕೆಸುವಿನ ಎಲೆಯ ಮೇಲೆ ಕೂತ ಇಬ್ಬನಿಗೆ ಬಣ್ಣವೆಂಬುದೇ ಇಲ್ಲ. ಅದನ್ನೇ ಸಣ್ಣದನ್ನು ತೀರ ಹತ್ತಿರದಿಂದ ಹಿಡಿಯುವ ಹೊಸ ಮ್ಯಾಕ್ರೋ ಲೆನ್ಸಿನಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, ಮದುವೆಮನೆಗೆ ಹೊರಟಂತೆ ನೇರಳೆ ಅಂಚು, ಹಸಿರು ಸೆರಗು ಉಟ್ಟು ನಿಂತಿರುತ್ತದೆ. ಕೂಡಲೇ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಬಣ್ಣದ ಹೊಂದಾಣಿಕೆ, ತಿರುವುವ ಕಾರ್ಯಕ್ರಮ ಶುರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ವೈಟ್ ಬ್ಯಾಲೆನ್ಸ್ ತಪ್ಪಿದ್ದರೆ ಇಡೀ ಚಿತ್ರದ ಬಣ್ಣ ಕೆಡುತ್ತಿತ್ತು. ಇಲ್ಲಿ ಕೆಟ್ಟಿರುವುದು ಅಂಚು ಮಾತ್ರ. ಫೋಕಸಿಗಿಂತ ಮುಂದಿರುವುದು ನೇರಳೆ, ಹಿಂದಿರುವುದು ಹಸಿರು ಎಂದಾದರೆ ಅಪರಾಧಿ ಲೆನ್ಸೇ. ಗಾಜು ಎಲ್ಲ ಬಣ್ಣವನ್ನೂ ಒಂದೇ ಸಮ ಬಾಗಿಸುವುದಿಲ್ಲ. ಕೆಂಪು, ನೀಲಿ ರಾಜಿಯಾಗಿ ಒಂದು ಕಡೆ ಸೇರಿದರೆ ಹಸಿರು ಮುನಿಸಿಕೊಂಡು ಕೂದಲೆಳೆಯಷ್ಟು ದೂರ ಕೂರುತ್ತದೆ. ಫೋಕಸಿನ ಆಳ ಒಂದು ಮಿಲಿಮೀಟರೂ ಇಲ್ಲದ ಮ್ಯಾಕ್ರೋದಲ್ಲಿ ಆ ಕೂದಲೆಳೆಯೇ ಹಗ್ಗವಾಗಿ ಕಾಣುತ್ತದೆ.

ಅನುಮಾನವಿದ್ದರೆ ದಿನಪತ್ರಿಕೆಯೊಂದನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಕ್ಯಾಮೆರಾ ಟ್ರೈಪಾಡಿನ ಮೇಲಿರಲಿ. ನಡುವಿನ ಸಾಲಿಗೆ ಫೋಕಸ್ ಮಾಡಿ ಎಫ್/2.8, 4, 5.6, 8 ಎಂದು ನಾಲ್ಕು ಚಿತ್ರ ತೆಗೆಯಿರಿ. ಎಫ್ ಅಂಕಿ ಏರಿದಂತೆ ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಕಿರಿದಾಗುತ್ತದೆ, ಸೀರೆ ಮಾಸುತ್ತಾ ಬರುತ್ತದೆ. ಹಾಗೆಂದು ಖುಷಿಯಲ್ಲಿ ಎಫ್/22ಕ್ಕೆ ಓಡಬೇಡಿ. 1:1 ಅಳತೆಯಲ್ಲಿ, ಅಂದರೆ ವಸ್ತು ತನ್ನ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡುವಾಗ, ಎಫ್/8 ಎಂದರೆ ಕೆಲಸದಲ್ಲಿ ಸುಮಾರು ಎಫ್/16. ಅದಕ್ಕೂ ಕಿರಿದಾದರೆ ಕಿಂಡಿಯ ಅಂಚಿನಲ್ಲಿ ಬೆಳಕು ಚದುರಿ ಬಣ್ಣದ ಜೊತೆ ಕೀಟದ ಮೀಸೆಯೂ ಮಸುಕು.

ಚಿತ್ರದ ನಡುವೆ ಎಲ್ಲ ಸರಿ, ಮೂಲೆಗಳಲ್ಲಿ ಮಾತ್ರ ಒಂದು ಬದಿ ಕೆಂಪು, ಇನ್ನೊಂದು ಬದಿ ನೀಲಿಹಸಿರು ಗೆರೆ ಇದ್ದರೆ ಅದು ಬೇರೆ ಕಾಯಿಲೆ. ಅಪರ್ಚರ್ ಕಿರಿದು ಮಾಡಿದರೂ ಅದು ಹೋಗದು. ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಈ ಅಂಚುದೋಷ ತೆಗೆಯುವ ಆಯ್ಕೆಗೆ ಒಂದು ಟಿಕ್ ಸಾಕು. ಲೆನ್ಸಿನ ಮುಂದೆ ತಿರುಗಿಸುವ ಒಂಟಿ ಗಾಜಿನ ಅಗ್ಗದ ಕ್ಲೋಸಪ್ ಫಿಲ್ಟರ್ ಈ ಕಾಯಿಲೆಯ ತವರುಮನೆ. ಮೂರು ಗಾಜಿನ ರೇನಾಕ್ಸ್ ಡಿಸಿಆರ್-250 ಥರದ್ದಾದರೆ ಕಾಟ ಕಡಿಮೆ. ನೇರಳೆ ಅಂಚು ಅಳಿಸುವ ಡಿಫ್ರಿಂಜ್ ಸ್ಲೈಡರನ್ನು ಮಾತ್ರ ಎಚ್ಚರದಿಂದ ಎಳೆಯಿರಿ. ಅದಕ್ಕೆ ದೋಷದ ನೇರಳೆ, ಬದನೆ ಹೂವಿನ ನೇರಳೆ ಎಂಬ ಭೇದ ತಿಳಿಯದು, ಹೂವಿನ ಅಂಚನ್ನೂ ಬೂದು ಮಾಡಿಬಿಡುತ್ತದೆ. ಬ್ರಷ್ ಹಿಡಿದು ಬೇಕಾದಲ್ಲಷ್ಟೇ ಹಚ್ಚಿ.

ಕೆಂಪು ದಾಸವಾಳ ಪ್ಲಾಸ್ಟಿಕ್ ಹೂವಿನಂತೆ ಬಂದರೆ ಲೆನ್ಸನ್ನು ಬೈಯಬೇಡಿ, ಚಿತ್ರದ ಕೆಂಪು, ಹಸಿರು, ನೀಲಿ ಪಾಲುಗಳಲ್ಲಿ ಕೆಂಪು ಚಾನೆಲ್ ತುಂಬಿ ತುಳುಕಿದೆ. ಬೆಳಕಿನ ಹಂಚಿಕೆ ತೋರಿಸುವ ಒಟ್ಟು ಹಿಸ್ಟೋಗ್ರಾಮ್ ಸಭ್ಯವಾಗಿಯೇ ಕಾಣುತ್ತದೆ, ಮೂರು ಬಣ್ಣ ಬೇರೆ ಬೇರೆ ತೋರಿಸುವುದನ್ನು ನೋಡಿ. ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ, ಇಳಿಸಿ, ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಲ್ಲಿ ತೆಗೆದರೆ ಎಸಳಿನ ನರಗಳು ಮರಳಿ ಬರುತ್ತವೆ. ಮನೆಯ ಎಲ್‌ಇಡಿ ಬಲ್ಬಿನಡಿ ಅಡ್ಡಡ್ಡ ಪಟ್ಟೆ ಬಿದ್ದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಸೈಲೆಂಟ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರಿಗೆ ಬನ್ನಿ, ವೇಗ 1/100 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಕಳಪೆ ಬಲ್ಬು ಸೆಕೆಂಡಿಗೆ 100 ಸಲ ಕಣ್ಣು ಮಿಟುಕಿಸುತ್ತದೆ.

ಇಷ್ಟೆಲ್ಲ ಆದ ಮೇಲೂ ಗುಲಗಂಜಿ ಹುಳದ ಹೊಳೆಯುವ ಬೆನ್ನ ಮೇಲೆ ಕೇಸರಿ ಮಚ್ಚೆ ಉಳಿದರೆ, ಅದರೊಳಗೆ ಚೆನ್ನಾಗಿ ಇಣುಕಿ ನೋಡಿ. ಎರಡು ಕೈ, ಒಂದು ಕ್ಯಾಮೆರಾ, ಒಂದು ಕೇಸರಿ ಟೀ ಶರ್ಟ್ ಕಂಡರೆ ಸರ್ವಿಸ್ ಸೆಂಟರಿನವರು ಏನೂ ಮಾಡಲಾರರು. ಬೂದು ಬಣ್ಣದ್ದೊಂದು ತೊಟ್ಟು ಬನ್ನಿ.