ನೋವಿಗೊಂದು ಪಂಚನಾಮೆ

ಮೈಯೆಲ್ಲ ನೋವೆಂದು ವರ್ಷಗಟ್ಟಲೆ ಅಲೆಯುವವರಿಗೆ ನಮ್ಮ ಭಾಗದ ವೈದ್ಯಲೋಕ ಕಂಡುಹಿಡಿದಿರುವ ದಿವ್ಯೌಷಧ ಒಂದೇ: ‘ಎಲ್ಲಾ ನಾರ್ಮಲ್ ಅದ.’ ಇದನ್ನು ಮೊದಲು ಕಲಬುರಗಿಯಲ್ಲಿ ಕೊಡಲಾಗುತ್ತದೆ. ಅದರಿಂದ ಗುಣ ಕಾಣದಿದ್ದರೆ ಮನೆಯವರು ಸೊಲ್ಲಾಪುರಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಹಳೆಯ ರಿಪೋರ್ಟುಗಳನ್ನು ಪಕ್ಕಕ್ಕೆ ಸರಿಸಿ, ಹೊಸದಾಗಿ ರಕ್ತ ತೆಗೆದು, ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡ್ ಎಲ್ಲವನ್ನೂ ಮತ್ತೊಮ್ಮೆ ನೋಡಿ, ಸೊಲ್ಲಾಪುರದ ನಾರ್ಮಲ್ ದಯಪಾಲಿಸುತ್ತಾರೆ. ಕೊನೆಗೆ ಹೈದರಾಬಾದು. ಅಲ್ಲಿಯದಕ್ಕೆ ಎಂಆರ್‌ಐ ಕೂಡಿಕೊಳ್ಳುವುದರಿಂದ ಅದು ಮೇಲ್ದರ್ಜೆಯ ನಾರ್ಮಲ್. ಮೂರೂರಿನ ನಾರ್ಮಲ್‌ಗಳನ್ನು ಒಂದೇ ಫೈಲಿನಲ್ಲಿ ಹೊತ್ತು ರೈಲಿನಿಂದ ಇಳಿದ ಹೆಂಗಸು ಸ್ಟೇಷನ್ನಿನ ಮೆಟ್ಟಿಲ ಮುಂದೆ ಹತ್ತಲಾರದೆ ನಿಂತರೆ, ತಪ್ಪು ಆಕೆಯದೇ ಹೊರತು ಫೈಲಿನದಲ್ಲ.

ಫೈಬ್ರೊಮಯಾಲ್ಜಿಯಾ ಎಂಬ ಈ ಕಾಯಿಲೆಗೆ ತಪಾಸಣೆಯಲ್ಲಿ ಸಿಕ್ಕಿಬೀಳುವ ಅಭ್ಯಾಸವೇ ಇಲ್ಲ. ಕೀಲು ಊದಿರುವುದಿಲ್ಲ, ಎಲುಬು ಸವೆದಿರುವುದಿಲ್ಲ. ಮಿದುಳು ಮತ್ತು ಬೆನ್ನುಹುರಿ ನೋವಿನ ಸಂದೇಶವನ್ನು ಇದ್ದುದಕ್ಕಿಂತ ಹಿಗ್ಗಿಸಿ ಓದತೊಡಗುತ್ತವೆ. ಮೆಲ್ಲಗೆ ಒತ್ತಿದರೂ ನೋವು, ರಾತ್ರಿಯಿಡೀ ಮಲಗಿದ್ದರೂ ಬೆಳಿಗ್ಗೆ ಆರದ ದಣಿವು, ಬಾಯಿಗೆ ಬಂದ ಮಾತು ಮರೆತುಹೋಗುವಷ್ಟು ತಲೆಗೆ ಮಂಕು. ರಕ್ತಪರೀಕ್ಷೆ ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ತಿಳಿಯಲಿಕ್ಕೆ, ಇದನ್ನು ಹಿಡಿಯಲಿಕ್ಕಲ್ಲ. ಇದು ವೈದ್ಯಕೀಯ ಪಠ್ಯದಲ್ಲೇ ಇರುವ ಮಾತು. ಆದರೂ ರಕ್ತದಲ್ಲಿ ಕಾಣದ ನೋವು ನೋವೇ ಅಲ್ಲವೆಂದು ತೀರ್ಮಾನಿಸುವುದು, ಮಳೆಮಾಪಕದಲ್ಲಿ ಹನಿ ನೀರಿಲ್ಲವಾದ್ದರಿಂದ ಮೇ ತಿಂಗಳ ಕಲಬುರಗಿಯಲ್ಲಿ ಬಿಸಿಲೂ ಇಲ್ಲವೆಂದು ದಾಖಲೆ ಬರೆದಂತೆ.

ಡಾಕ್ಟರರ ಕೋಣೆಯೊಳಗೆ ನಡೆಯುವ ವಿಚಾರಣೆಯಂತೂ ಯಾವ ನ್ಯಾಯಾಲಯಕ್ಕೂ ಕಡಿಮೆಯಿಲ್ಲ. ‘ಹತ್ತಕ್ಕ ಎಷ್ಟು ಬ್ಯಾನಿ ಅದ್ರಿ?’ ಎಂದು ಕೇಳುತ್ತಾರೆ. ಆಕೆ ‘ಎಂಟು ಅದ ನೋಡ್ರಿ ಸಾಹೇಬ್ರ’ ಎಂದರೆ, ‘ಎಂಟಿದ್ದವರು ಹಿಂಗ ಕೂತು ಮಾತಾಡ್ತಾರೇನ್ರಿ?’ ಎಂಬ ಮರುಪ್ರಶ್ನೆ ಬರುತ್ತದೆ. ಅತ್ತುಬಿಟ್ಟರೆ ಅದು ಟೆನ್ಷನ್. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದರೆ ನೋಡಲು ಚೆನ್ನಾಗಿಯೇ ಇದ್ದಾರೆ. ತಲೆ ಬಾಚದೆ ಹೋದರೆ ಖಿನ್ನತೆ. ಹಳೆಯ ಫೈಲು ತಂದವರು ಊರೂರು ಆಸ್ಪತ್ರೆ ತಿರುಗುವ ಚಟದವರು, ತರದವರು ಬೇಜವಾಬ್ದಾರಿಗಳು. ಕಾಯಿಲೆಯ ಹೆಸರನ್ನು ತಾವೇ ಉಚ್ಚರಿಸಿದರೆ ಮೊಬೈಲ್ ನೋಡಿ ಬಂದವರು, ಉಚ್ಚರಿಸದಿದ್ದರೆ ಏನಾಗಿದೆಯೆಂದು ಹೇಳಲೂ ಬಾರದವರು. ಇಷ್ಟರ ಮೇಲೂ ಆಕೆ ಕುರ್ಚಿಯಿಂದ ಏಳದಿದ್ದರೆ, ಜೊತೆಗೆ ಬಂದ ಗಂಡನನ್ನು ಸಾಕ್ಷಿಯಾಗಿ ಕರೆಯಲಾಗುತ್ತದೆ.

‘ಮನ್ಯಾಗ ಏನರೆ ಕಿರಿಕಿರಿ ಅದ ಏನ್ರಿ?’

‘ಹಂಗೇನಿಲ್ರಿ ಸಾಹೇಬ್ರ, ಕೆಲಸ ಎಲ್ಲಾ ಮಾಡ್ತಾಳ್ರಿ. ರೊಟ್ಟಿ ಬಡಿಯೂಮುಂದ ಕೈ ಸೋಲ್ತದ ಅಂತಾಳ್ರಿ.’

ಜೋಳದ ರೊಟ್ಟಿ ಬಡಿಯುವ ಕೆಲಸಕ್ಕೆ ಬೆರಳು, ಮಣಿಕಟ್ಟು, ಭುಜ, ಬೆನ್ನು ಎಲ್ಲವೂ ಬೇಕು. ಎರಡು ರೊಟ್ಟಿಗೊಮ್ಮೆ ಕೈ ಬಿಟ್ಟು ಗೋಡೆಗೆ ಒರಗುವವಳ ಬಗ್ಗೆ ಆ ಕೋಣೆಯಲ್ಲಿ ಸಿಕ್ಕ ಏಕೈಕ ವೈದ್ಯಕೀಯ ಮಾಹಿತಿ ಅದು. ಆದರೆ ಚೀಟಿಯ ಮೇಲೆ ಅದು ಬರುವುದಿಲ್ಲ. ‘ಎಲ್ಲಾ ಮನಸ್ಸಿಂದು’ ಎಂದು ಹೇಳಿ ಮುಗಿಸಲಾಗುತ್ತದೆ. ಮನಸ್ಸಿನದೇ ಎಂದ ಮೇಲೆ ಮನೋವೈದ್ಯರಿಗಾದರೂ ಒಂದು ಚೀಟಿ ಬರೆದುಕೊಡಬೇಕಲ್ಲ, ಅದೂ ಇಲ್ಲ.

ಚೀಟಿಯಲ್ಲಿ ಇರುವುದು ಬೇರೆಯೇ: ವಿಟಮಿನ್ ಡಿ ಪುಡಿ, ಬಿ-12, ಹೊಟ್ಟೆ ಉರಿಯದಿರಲೆಂದು ಪ್ಯಾಂಟೊಪ್ರಜೋಲ್, ರಾತ್ರಿಗೆ ಪ್ರಿಗ್ಯಾಬಲಿನ್. ಈ ಕೊನೆಯ ಮಾತ್ರೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಫೈಬ್ರೊಮಯಾಲ್ಜಿಯಾಕ್ಕೆಂದೇ ಒಪ್ಪಿತ್ತು. ಎಂದರೆ ಬಾಯಿ ನಂಬದಿದ್ದರೂ ಪೆನ್ನು ನಂಬಿದೆ. ‘ಏನೂ ಇಲ್ಲ’ ಎಂಬ ಕಾಯಿಲೆಗೆ ಇಷ್ಟು ಔಷಧವಾದರೆ ‘ಏನಾದರೂ’ ಇದ್ದಿದ್ದರೆ ಎಷ್ಟಾಗುತ್ತಿತ್ತೋ. ಬಾಗಿಲ ಬಳಿ ಹೋದ ಮೇಲೆ ಹಿಂದಿನಿಂದ ಬರುವ ‘ವಾಕಿಂಗ್ ಮಾಡ್ರಿ’ ಎಂಬ ಮಾತೂ ಸುಳ್ಳಲ್ಲ. ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವ ವ್ಯಾಯಾಮವೇ ಈ ಕಾಯಿಲೆಗೆ ಹೆಚ್ಚು ಆಧಾರವಿರುವ ಚಿಕಿತ್ಸೆ. ಎಷ್ಟು ದೂರದಿಂದ ಶುರು ಮಾಡಬೇಕೆಂದು ಹೇಳುವಷ್ಟರಲ್ಲಿ ಮುಂದಿನ ನಂಬರು ಕೂಗಿರುತ್ತಾರೆ. ಹೊರಗೆ ಕಾದವರ ಸಾಲು ನೋಡಿದರೆ ಡಾಕ್ಟರರನ್ನೂ ಪೂರ್ತಿ ದೂರುವಂತಿಲ್ಲ, ಕೂರಿಸಿಕೊಂಡು ಕೇಳುವ ಪುಣ್ಯಾತ್ಮರೂ ನಮ್ಮಲ್ಲಿ ಇದ್ದಾರೆ.

1990ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಎಂಬ ಕೀಲು-ಸ್ನಾಯು ರೋಗತಜ್ಞರ ಸಂಘ ಈ ಕಾಯಿಲೆಯನ್ನು ಗುರುತಿಸಲು ಒಂದು ನಿಯಮ ಮಾಡಿತ್ತು: ಮೈಮೇಲೆ ಗೊತ್ತುಪಡಿಸಿದ 18 ಕಡೆ ಸುಮಾರು 4 ಕಿಲೋ ಭಾರದಷ್ಟು ಒತ್ತಬೇಕು, 11 ಕಡೆಯಾದರೂ ನೋವೆನ್ನಬೇಕು. ಹತ್ತೇ ಕಡೆ ನೋವೆಂದವರು ನಪಾಸು, ಗ್ರೇಸ್ ಅಂಕವೂ ಇಲ್ಲ. 2010ರಲ್ಲಿ ಅದೇ ಸಂಸ್ಥೆ ಒತ್ತುವ ಪರೀಕ್ಷೆಯ ಕಡ್ಡಾಯವನ್ನು ಕೈಬಿಟ್ಟು, ಎಲ್ಲೆಲ್ಲಿ ನೋವು, ನಿದ್ದೆ ಹೇಗೆ, ದಣಿವೆಷ್ಟು, ಮರೆವೆಷ್ಟು ಎಂದು ರೋಗಿಯನ್ನೇ ಕೇಳಿ ಲೆಕ್ಕ ಹಾಕುವ ಮಾನದಂಡ ತಂದಿತು. ಬೆರಳಿನ ಕೆಲಸ ಕಿವಿಗೆ ವರ್ಗವಾಯಿತು. ಕಿವಿ ಇಲ್ಲಿಗೆ ಬಂದು ಇನ್ನೂ ಹಾಜರಾಗಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವರ್ಗವಾದವರು ಯಾರು ತಾನೇ ಬೇಗ ಬಂದು ಹಾಜರಾಗಿದ್ದಾರೆ?

ಇನ್ನು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿ, ನೋವಿದೆಯೆಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಟಿಪ್ಪಣಿ ಸೇರಿಸಿಬಿಟ್ಟಿದೆ. ಹೇಳಿದವರ ಮಾತನ್ನೆಲ್ಲ ಹೀಗೆ ನಂಬುತ್ತ ಹೋದರೆ ಆಡಳಿತ ನಡೆಯುವುದು ಹೇಗೆ? ಆದ್ದರಿಂದ ಜಾತಿ, ಆದಾಯ, ವಾಸಸ್ಥಳಗಳಂತೆ ನೋವಿನ ಪ್ರಮಾಣಪತ್ರವನ್ನೂ ನಾಡಕಚೇರಿಯಿಂದಲೇ ಕೊಡುವುದು ಕ್ಷೇಮವೆಂದು ತೋರುತ್ತದೆ. ಅರ್ಜಿ ಬಂದ ಮೇಲೆ ತಲಾಟಿಯವರು ಸ್ಥಳ ಪರಿಶೀಲನೆಗೆ ಹೋಗಿ, ಪಂಚರ ಸಮಕ್ಷಮ ಪಂಚನಾಮೆ ಬರೆದು, ನೋವಿನ ಚಕ್ಕುಬಂದಿಯನ್ನು, ಅಂದರೆ ಪೂರ್ವಕ್ಕೆ ಬಲಭುಜ, ಪಶ್ಚಿಮಕ್ಕೆ ಎಡಭುಜ, ಉತ್ತರಕ್ಕೆ ಕುತ್ತಿಗೆ, ದಕ್ಷಿಣಕ್ಕೆ ಹಿಮ್ಮಡಿ ಎಂದು ನಮೂದಿಸಬೇಕು. ನೋವು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದಕ್ಕೆ ಪ್ರತ್ಯೇಕ ಕಾಲಮು ಇರಲಿ. ಗಂಡನ ಸಹಿ ಕಡ್ಡಾಯ. ಅತ್ತೆಯವರ ತಕರಾರು ಬಂದರೆ ವಿಚಾರಣೆ ಮುಂದೂಡಬಹುದು. ಪ್ರಮಾಣಪತ್ರದ ಅವಧಿ ಒಂದು ವರ್ಷ, ಅಷ್ಟರೊಳಗೆ ನೋವನ್ನು ನವೀಕರಿಸಿಕೊಳ್ಳದಿದ್ದರೆ ಅದು ತಾನಾಗಿಯೇ ರದ್ದಾಗುತ್ತದೆ. ಅರ್ಜಿದಾರರು ಖುದ್ದಾಗಿ, ಲಿಫ್ಟಿಲ್ಲದ ಕಟ್ಟಡದ ಎರಡನೆಯ ಮಹಡಿಗೆ ಮೆಟ್ಟಿಲು ಹತ್ತಿಯೇ ಬರತಕ್ಕದ್ದು. ಹಾಗೆ ಹತ್ತಿ ಬಂದವರ ಅರ್ಜಿಯ ಮೇಲೆ ‘ನೋವಿಲ್ಲ’ ಎಂದು ಷರಾ ಬರೆದು ಅಲ್ಲಿಯೇ ವಜಾ ಮಾಡತಕ್ಕದ್ದು. ಬಾರದವರ ಅರ್ಜಿಯನ್ನು ಗೈರುಹಾಜರಿಯ ಕಾರಣಕ್ಕೆ ವಜಾ ಮಾಡತಕ್ಕದ್ದು.