ಪ್ಯಾಕೋ, ಬಿಡಿಯೋ?

“ಮನಸ್ಸು ಮಾಡಿದ್ರೆ ಆಗುತ್ತೆ ಕಣ್ರೀ, ಅಷ್ಟೇ” ಎಂದರು ನಮ್ಮ ಆಫೀಸಿನ ಹಿರಿಯರೊಬ್ಬರು. ಜೀವಮಾನದಲ್ಲಿ ಊದುಬತ್ತಿಯ ಹೊಗೆಗೂ ಮುಖ ಒಡ್ಡದವರು. ಮನಸ್ಸು ಮಾಡುವುದೆಂದರೆ ಅವರಿಗೆ ಉಪ್ಪಿಟ್ಟು ಮಾಡಿದ ಹಾಗೆ; ರವೆ ಹುರಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಸೇದದವರು ಸೇದುವವರಿಗೆ ಬುದ್ಧಿ ಹೇಳುವುದನ್ನೂ ಸಾರ್ವಜನಿಕ ಸ್ಥಳಗಳಲ್ಲಿ ನಿಷೇಧಿಸಬೇಕು ಎಂದು ನಾಲಿಗೆ ತುದಿಗೆ ಬಂತು. “ನಿಜ ಸಾರ್” ಎಂದೆ.

ನಾನು ಸಿಗರೇಟು ಬಿಟ್ಟು ಇವತ್ತಿಗೆ 19 ದಿನ. ಬಿಡುವ ಮನಸ್ಸು ಎಲ್ಲಿಂದ ಬಂತು ಎಂದು ಹೇಳಬೇಕೆಂದೇ ಕೂತಿದ್ದೇನೆ. ಹೇಳುತ್ತೇನೆ, ಮೊದಲು ಅಂಗಡಿಯ ವಿಷಯ ಒಂದಿಷ್ಟು ಮುಗಿಯಲಿ.

ಕುವೆಂಪುನಗರದಲ್ಲಿ ನಾನು ಬಸ್ಸು ಹತ್ತುವ ಕಡೆ ಒಂದು ಪೆಟ್ಟಿಗೆ ಅಂಗಡಿ ಇದೆ. ಮುಂದೆ ಬಾಳೆಗೊನೆ, ಮೇಲೆ ಶಾಂಪೂ ಪೊಟ್ಟಣಗಳ ಸರ, ಪಕ್ಕದ ಮೊಳೆಗೆ ಕಟ್ಟಿದ ನಾರಿನ ಹಗ್ಗ, ಅದರ ತುದಿಯಲ್ಲಿ ಸದಾ ಕೆಂಪಗೆ ಒಂದು ಕಿಡಿ. ಹನ್ನೊಂದು ವರ್ಷದಲ್ಲಿ ನಾನು ಅಲ್ಲಿ ಬಾಯಿಬಿಟ್ಟು ಏನನ್ನೂ ಕೇಳಿದವನಲ್ಲ. ನಾನಿನ್ನೂ ರಸ್ತೆ ದಾಟುತ್ತಿರುವಾಗಲೇ ಅಂಗಡಿಯವನ ಕೈ ಸರಿಯಾದ ಡಬ್ಬಿಗೆ ಹೋಗುತ್ತಿತ್ತು. ತಿಂಗಳ ಮೊದಲ ವಾರ ಮಾತ್ರ ಒಂದು ಪ್ರಶ್ನೆ: “ಪ್ಯಾಕೋ, ಬಿಡಿಯೋ?” ನನಗೆ ಸಂಬಳ ಆಗಿದೆಯೋ ಇಲ್ಲವೋ ಎಂಬುದು ಮನೆಯವಳಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

ಈ ‘ಬಿಡಿ’ ಎಂಬ ಪದವೇ ನನ್ನ ತಲೆ ಕೆಡಿಸಿದ್ದು. ಡಾಕ್ಟರು ‘ಬಿಡಿ’ ಎನ್ನುತ್ತಾರೆ. ಅಂಗಡಿಯವನೂ ‘ಬಿಡಿ’ ಎನ್ನುತ್ತಾನೆ. ಸರ್ಕಾರವೊಂದೇ ‘ಬಿಡಿ ಕೂಡದು’ ಎನ್ನುವುದು. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರಬಾರದು ಎಂದು 2017ರಲ್ಲೇ ಆಜ್ಞೆಯಾಗಿದೆ; ಈಗ ಕಾಯ್ದೆಗೇ ತಿದ್ದುಪಡಿ ಬಂದು, ಸಾರ್ವಜನಿಕವಾಗಿ ಸೇದಿದರೆ 200 ರೂಪಾಯಿ ಇದ್ದ ದಂಡ 1000 ಆಗಿದೆ. ಬಿಡಿ ನಿಲ್ಲಿಸಿದ್ದು, ಕಾಲೇಜು ಹುಡುಗರ ಜೇಬಿಗೆ ಇಡೀ ಪ್ಯಾಕು ಎಟುಕದು ಎಂಬ ಲೆಕ್ಕದಿಂದ. ಒಳ್ಳೆಯದೇ. ಆದರೆ ಒಂದಕ್ಕೆ ಹೋದ ನನ್ನಂಥವನು ಕಾನೂನಿಗೆ ತಲೆಬಾಗಿ ಹತ್ತು ಕೊಂಡು ಬರುತ್ತಾನೆ. ಕೊಂಡ ಮೇಲೆ ಬಿಸಾಡಲಾಗುತ್ತದೆಯೇ? ಅನ್ನ ಚೆಲ್ಲಬಾರದು ಎಂದು ಬೆಳೆಸಿದ ಮನೆ ನಮ್ಮದು.

ಹಾಗೆ ಕೊಂಡ ಪ್ಯಾಕೊಂದನ್ನು ಹಿಡಿದು ಬಸ್ಸಿಗೆ ಕಾಯುತ್ತಿದ್ದೆ. ಪ್ಯಾಕಿನ ಮುಖದ ಶೇ. 85 ಭಾಗ ಎಚ್ಚರಿಕೆಯ ಚಿತ್ರಕ್ಕೂ ಬರಹಕ್ಕೂ ಹೋಗಿದೆ. ಆ ಚಿತ್ರವನ್ನು ಮರೆಮಾಡಿ ಹಿಡಿಯುವ ವಿದ್ಯೆ ಬೆರಳಿಗೆ ಬಂದುಬಿಟ್ಟಿರುತ್ತದೆ. ಅವತ್ತು ಬೆರಳು ಜಾರಿ, ಬಿಡಬೇಕೆನ್ನುವವರಿಗೆಂದು ಕೊಟ್ಟ ಸಹಾಯವಾಣಿಯ ನಂಬರು ಕಂಡಿತು, 1800-11-2356. ಬಸ್ಸೂ ಬರಲಿಲ್ಲ, ಫೋನು ಮಾಡಿದೆ. ದಕ್ಷಿಣದವರ ಭಾಷೆಗಳಲ್ಲಿ ಉತ್ತರ ಕೊಡುವುದು ಬೆಂಗಳೂರಿನ ನಿಮ್ಹಾನ್ಸ್‌ನವರಂತೆ. ಕನ್ನಡದಲ್ಲೇ ಮಾತಾಡಿದ ಹುಡುಗಿ ಬಹಳ ವಿನಯದಿಂದ, “ಬಿಡೋದಕ್ಕೆ ನಿಮಗೆ ಮುಖ್ಯವಾದ ಕಾರಣ ಏನು ಸರ್?” ಎಂದಳು.

ನನ್ನ ಇನ್ನೊಂದು ಕೈಯಲ್ಲಿ ಒಂದು ಉರಿಯುತ್ತಿತ್ತು. “ಹೆಂಡತಿ, ಮಕ್ಕಳು” ಎಂದೆ. ಸುಳ್ಳೇನಲ್ಲ. ಆದರೆ ಹೆಂಡತಿ ಮಕ್ಕಳು ಇಷ್ಟು ವರ್ಷದಿಂದ ಅಲ್ಲೇ ಇದ್ದಾರೆ, ಅವತ್ತು ಹೊಸದಾಗಿ ಬಂದವರಲ್ಲ. ಅಷ್ಟು ಮರ್ಯಾದೆಯಿಂದ ಕೇಳಿದ ಹುಡುಗಿಗೆ ‘ಬಸ್ಸು ಬರಲಿಲ್ಲ’ ಎಂದು ಹೇಗೆ ಹೇಳುವುದು?

ಬಿಟ್ಟಿದ್ದಕ್ಕೆ ಕಾರಣ ತಡಕಬೇಕು. ಹಿಡಿದಿದ್ದಕ್ಕೆ ಬೇಕಾಗಿಲ್ಲ, ಅದು ಚೆನ್ನಾಗಿ ನೆನಪಿದೆ. ಹಾಸ್ಟೆಲಿನಲ್ಲಿ ಸೀನಿಯರೊಬ್ಬ ಪರೀಕ್ಷೆ ಪಾಸಾದ ಖುಷಿಗೆ “ನನಗೋಸ್ಕರ ಒಂದು ದಮ್ಮು ಕಣೋ” ಎಂದು ತನ್ನ ಬಾಯಿಂದಲೇ ತೆಗೆದು ಕೊಟ್ಟ. ಬೇಡ ಎನ್ನಲು ದಾಕ್ಷಿಣ್ಯ. ಇದಕ್ಕೆ ನಾಚಿಕೊಳ್ಳುತ್ತಿದ್ದೆ, ಆಮೇಲೆ ಗೊತ್ತಾಯಿತು, ಅಕ್ಬರನಿಗೂ ಹೀಗೇ ಆಗಿತ್ತು.

ಅದರಲ್ಲಿ ನಮ್ಮ ವಿಜಯಪುರದ ಕೈವಾಡವಿದೆ. ಅಕ್ಬರನ ಮಗ ದಾನಿಯಾಲನಿಗೆ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ತಂದುಕೊಳ್ಳುವ ಮಾತಾಗಿ, 1604ರ ಸುಮಾರಿಗೆ ಆ ಕೆಲಸದ ಮೇಲೆ ಅಸದ್ ಬೇಗ್ ಎಂಬುವನು ವಿಜಯಪುರಕ್ಕೆ ಬಂದ. ಬಂದವನ ಕಣ್ಣು ಹೊಗೆಸೊಪ್ಪಿನ ಮೇಲೆ ಬಿತ್ತು. ಇಂಥದ್ದನ್ನು ಹಿಂದೂಸ್ಥಾನದಲ್ಲಿ ಕಂಡಿರಲಿಲ್ಲ ಎಂದು ತಾನೇ ಬರೆದಿಟ್ಟಿದ್ದಾನೆ. ಹೆಣ್ಣು ಕರೆತರಲು ಹೋದವನು ಹೊಗೆಸೊಪ್ಪನ್ನೂ ಕಟ್ಟಿಕೊಂಡು ಆಗ್ರಾಕ್ಕೆ ಹೊರಟ. ಬರೀ ಸೊಪ್ಪಲ್ಲ. ಮೂರು ಮೊಳದ ಕೊಳವೆ, ಎರಡು ತುದಿಗೂ ರತ್ನದ ಕೆಲಸ, ಬಾಯಿಗಿಡುವ ಕಡೆ ಯೆಮನ್ ದೇಶದ ಕೆಂಪು ಕಲ್ಲು, ಸೊಪ್ಪು ತುಂಬಲು ಆದಿಲ್‌ಶಾಹನೇ ಕೊಟ್ಟಿದ್ದ ಎಲೆಯಡಿಕೆ ಚೀಲ. ಇಷ್ಟನ್ನೂ ತಟ್ಟೆಯಲ್ಲಿಟ್ಟು ದೊರೆಯ ಮುಂದೆ ಹಿಡಿದ. ಅಕ್ಬರ್ ಕೈಗೆತ್ತಿಕೊಳ್ಳುವಷ್ಟರಲ್ಲಿ ವೈದ್ಯ ಅಡ್ಡ ಬಂದ, ಬೇಡ ಎಂದ. ಆಗ ಅಕ್ಬರ್ ಏನೆಂದ ಗೊತ್ತೇ? ಇವನ ಸಂತೋಷಕ್ಕಾದರೂ ಸ್ವಲ್ಪ ಸೇದಬೇಕು ಎಂದ! ಎರಡು ಮೂರು ದಮ್ಮು ಎಳೆದ. ವೈದ್ಯ ಕಂಗಾಲು. ಆಮೇಲೆ ಇಬ್ಬರಿಗೂ ವಾದ ಹತ್ತಿತು. ಯುರೋಪಿನವರೇನು ದಡ್ಡರೇ ಎಂದು ಅಸದ್ ಬೇಗ್. ನಮ್ಮ ತಿಳಿದವರು ಪರೀಕ್ಷೆ ಮಾಡದೆ ಪರದೇಶದವರ ಚಾಳಿ ನಮಗೇಕೆ ಎಂದು ವೈದ್ಯ. ದೊರೆ ಮತ್ತೆ ಮುಟ್ಟಲಿಲ್ಲ. ಆದರೆ ಆಸ್ಥಾನದ ದೊಡ್ಡ ಮನುಷ್ಯರೆಲ್ಲ ತಮಗೂ ಬೇಕೆಂದು ಅಸದ್ ಬೇಗನಿಗೆ ಗಂಟುಬಿದ್ದರು. ಕೊನೆಗೆ ವ್ಯಾಪಾರಿಗಳೇ ಮಾರತೊಡಗಿದರು.

ಮೂರೇ ದಮ್ಮಿಗೆ ಬಿಟ್ಟ ಅಕ್ಬರನ ಮನಸ್ಸು ಎಂಥದ್ದೋ ಎಂದು ನಾನು ಬೆರಗಾಗುತ್ತೇನೆ. ಅವನ ಮಗ ಜಹಾಂಗೀರ್ 1617ರಲ್ಲಿ ಹೊಗೆಸೊಪ್ಪನ್ನೇ ನಿಷೇಧಿಸಿದ. ಪರ್ಷಿಯಾದಲ್ಲಿ ಶಾ ಅಬ್ಬಾಸನೂ ನಿಷೇಧಿಸಿದ್ದ. ಅಲ್ಲಿಗೆ ಜಹಾಂಗೀರನ ರಾಯಭಾರಿಯಾಗಿ ಹೋದ ಖಾನ್ ಆಲಂ ಗಳಿಗೆಗೊಮ್ಮೆ ಸೇದದೆ ಇರಲಾರದವನು. ಎರಡೂ ಕಡೆ ರಾಜಾಜ್ಞೆ, ನಡುವೆ ಈ ಪ್ರಾಣಿ. ಶಾ ಅಬ್ಬಾಸ್ ಕಡೆಗೆ ಸ್ನೇಹಿತನ ರಾಯಭಾರಿಯೆಂದು ಮನಸ್ಸು ಕರಗಿ, ಪದ್ಯವೊಂದನ್ನು ಬರೆದು ಅವನಿಗೆ ಅನುಮತಿ ಕೊಟ್ಟನಂತೆ. ನಮ್ಮ ಬಸ್‌ಸ್ಟಾಪಿನಲ್ಲಿ 1000 ರೂಪಾಯಿ ರಸೀದಿ ಹರಿಯುವವರಿಗೆ ಈ ಕಥೆ ಯಾರಾದರೂ ಹೇಳಬೇಕು.

ಎಲ್ಲಿದ್ದೆ? ಹಾಂ, 19 ದಿನ. ಜೇಬಿನಲ್ಲಿ ಈಗ 2 ಮಿಲಿಗ್ರಾಮಿನ ನಿಕೋಟಿನ್ ಗಮ್ಮಿದೆ. ಅದನ್ನು ಬಬಲ್‌ಗಮ್ಮಿನಂತೆ ಅಗಿಯುವ ಹಾಗಿಲ್ಲ. ನಿಧಾನ ಅಗಿದು, ಮೆಣಸಿನ ಘಾಟು ಬಂದ ಕೂಡಲೇ ನಿಲ್ಲಿಸಿ ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿಕೊಳ್ಳಬೇಕು. ನಮ್ಮಜ್ಜಿ ಹೊಗೆಸೊಪ್ಪಿನ ಚೂರು ಇಟ್ಟುಕೊಳ್ಳುತ್ತಿದ್ದದ್ದೂ ಅದೇ ಜಾಗದಲ್ಲಿ.

ಗಮ್ಮಿನ ಕಷ್ಟ ಸಣ್ಣದು, ಅಂಗಡಿಯವನದೇ ದೊಡ್ಡದು. ಮೊದಲ ದಿನ ನಾನು ರಸ್ತೆ ದಾಟುತ್ತಿದ್ದಂತೆ ಅವನ ಕೈ ಡಬ್ಬಿಗೆ ಹೋಯಿತು. ಹನ್ನೊಂದು ವರ್ಷದ ಕೈ. ಬೇಡ ಎನ್ನಲಾಗದೆ “ನಾಲ್ಕು ಬಾಳೆಹಣ್ಣು” ಎಂದೆ. ಎರಡನೇ ದಿನವೂ ನಾಲ್ಕು. ಮೂರನೇ ದಿನ ಆಚೆ ಫುಟ್‌ಪಾತಿನಲ್ಲಿ ನಡೆದೆ, ಅಲ್ಲಿಂದಲೇ ಕೂಗಿದ, “ಏನ್ ಸಾರ್, ಬೇರೆ ಅಂಗಡಿ ಹಿಡಿದ್ರಾ?” ಆ ದನಿಯಲ್ಲಿದ್ದ ನೋವಿಗೆ ಅವತ್ತು ಅರ್ಧ ಡಜನ್ ತೆಗೆದುಕೊಂಡೆ. ಮನೆಯಲ್ಲಿ ರಸಾಯನ ಆಯಿತು, ಹಲ್ವ ಆಯಿತು, ಸಿಪ್ಪೆ ಕಪ್ಪಾದವು ಪಕ್ಕದ ಬೀದಿಯ ಹಸುವಿಗೆ ಹೋದವು. “ರೀ, ಇದೇನು ಹರಕೆಯಾ?” ಎಂದಳು ನನ್ನಾಕೆ.

ನಿನ್ನೆ ಧೈರ್ಯ ಮಾಡಿ ಹೇಳಿಯೇ ಬಿಟ್ಟೆ. “ನಿನ್ನ ಅಂಗಡಿ ಬಿಟ್ಟಿಲ್ಲಪ್ಪ. ಸಿಗರೇಟು ಬಿಟ್ಟೆ.”

ಅವನು ಡಬ್ಬಿಯ ಮೇಲಿಂದ ಕೈ ತೆಗೆದ. “ಮೊದ್ಲೇ ಹೇಳಬಾರ್ದಾ ಸಾರ್? ನಾನು ಬಿಟ್ಟೇ ಆರು ವರ್ಷ ಆಯ್ತಲ್ಲ.”

ಹಗ್ಗದ ಕಿಡಿ ಅವನ ಭುಜದ ಪಕ್ಕದಲ್ಲೇ ಹೊಗೆಯಾಡುತ್ತಿತ್ತು. ದಿನವಿಡೀ ಅದರ ನಡುವೆ ಕೂತವನು ಬಿಟ್ಟಿದ್ದಾನೆ! “ಅದು ಹೇಗಯ್ಯಾ ಮನಸ್ಸು ಬಂತು?” ಎಂದೆ.

“ಅಯ್ಯೋ, ಅದೊಂದು ದೊಡ್ಡ ಕಥೆ ಸಾರ್…” ಎಂದು ಮುಂದಕ್ಕೆ ಬಾಗಿದ. ಅಷ್ಟರಲ್ಲಿ ಬೈಕಿನಲ್ಲಿ ಬಂದ ಹುಡುಗನೊಬ್ಬ ಹೆಲ್ಮೆಟ್ಟೂ ತೆಗೆಯದೆ ಕೈ ಚಾಚಿದ. ಅಂಗಡಿಯವನು ಅವನತ್ತ ತಿರುಗಿ, “ಪ್ಯಾಕೋ, ಬಿಡಿಯೋ?” ಎಂದ. ಅವನ ಹಿಂದೆ ಇನ್ನಿಬ್ಬರು ನಿಂತಿದ್ದರು. ನನ್ನ ಬಸ್ಸೂ ಬಂತು.

“ನಾಳೆ ಹೇಳ್ತೀನಿ ಸಾರ್. ಹಣ್ಣು ನಾಲ್ಕು ಸಾಕಾ, ಆರು ಕೊಡ್ಲಾ?”